ಹೆಬ್ಬಾತಿನ ಕಾಲು ಮುರಿದವನು

ಹೆಬ್ಬಾತಿನ ಕಾಲು ಮುರಿದವನು ನಾನು. ಭಾಲ್ಕಿಯಲ್ಲಿ ಇಪ್ಪತ್ತು ವರ್ಷದಿಂದ ಟಂಟಂ ಆಟೋ ಓಡಿಸುವವನು, ಅವತ್ತು ಬೆಳಿಗ್ಗೆ ಸ್ಟೇಷನ್ನಿನ ಸವಾರಿ ತಪ್ಪಿಹೋಗುತ್ತದೆಂಬ ಗಡಿಬಿಡಿಯಲ್ಲಿ ಹಿಂದೆ ನೋಡದೆ ಅಂಗಳದಿಂದ ಗಾಡಿ ತೆಗೆದೆ. ಹಿಂದಿನ ಗಾಲಿ ಏನನ್ನೋ ಹತ್ತಿ ಇಳಿಯಿತು. ಆಮೇಲೆ ಆ ಕೂಗು. ಇಳಿದು ನೋಡಿದರೆ, ಅದು ರೆಕ್ಕೆ ಬಡಿಯುತ್ತ ಒಂದೇ ಕಾಲಿನ ಮೇಲೆ ಗಿರಗಿರ ಸುತ್ತುತ್ತಿತ್ತು.

ನಮ್ಮ ಓಣಿಯಲ್ಲಿ ಅದಕ್ಕೆ ಬದಕ ಅನ್ನುತ್ತಾರೆ. ಮೆಹಕರದ ತವರಿನಿಂದ ಮುಷ್ಟಿಯಷ್ಟಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದವಳು ನನ್ನ ಹೆಂಡತಿ. ಅವಳು ಕೂಗಿದರೆ ಸಾಕು, ಓಣಿಯ ಆ ತುದಿಯಿಂದ ಕತ್ತು ಚಾಚಿಕೊಂಡು ಓಡಿ ಬರುತ್ತಿತ್ತು. “ಹಿಂದ ನೋಡಿ ತಗೀರಿ, ಬದಕ ಅಲ್ಲೇ ಇರ್ತದ” ಎಂದು ದಿನಾ ಹೇಳುತ್ತಿದ್ದಳು. ನಾನೂ ದಿನಾ ಹೂಂ ಅನ್ನುತ್ತಿದ್ದೆ.

ನಲ್ಲಿಯ ಹತ್ತಿರ ಕೊಡ ಬಿಟ್ಟು ಓಡಿ ಬಂದಳು. “ಏನಾಯ್ತ್ರಿ?”

“ಆಯಿಯ ನಾಯಿ ಹಿಡೀತು” ಎಂದೆ. ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಆಯಿ ಎಂದರೆ ಪಕ್ಕದ ಮನೆಯ ಮುದುಕಿ. ಕುರಿ ಕಾಯುವ ಮನೆತನ. ಈಗ ಅವಳ ಹತ್ತಿರ ಉಳಿದದ್ದು ನಾಲ್ಕು ಕುರಿ, ಒಂದು ಕೆಂಪು ನಾಯಿ. ಓಣಿಯಲ್ಲಿ ಯಾರ ಕುರಿ, ಆಡಿನ ಕಾಲು ಮುರಿದರೂ ಕಟ್ಟು ಕಟ್ಟುವವಳು ಅವಳೇ. ಕೂಗು ಕೇಳಿ ಅವಳೂ ಬಂದಳು.

“ನೋಡ್ರಿ ಆಯಿ, ನಿಮ್ಮ ನಾಯಿ ಹ್ಯಾಂಗ ಮಾಡ್ಯದ! ಏನು ಬ್ಯಾನಿ ಬಂದಿತ್ತು ಅದಕ್ಕ?” ಎಂದು ಹೆಂಡತಿ ಅವಳ ಮೇಲೆ ಹರಿಹಾಯ್ದಳು.

ಆಯಿ ನೆಲಕ್ಕೆ ಕೂತು, ಮುರಿದ ಕಾಲನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಸವರಿದಳು. ಒಮ್ಮೆ ನನ್ನ ಕಡೆ ನೋಡಿದಳು. “ಒಂದೆರಡು ಬಿದಿರಿನ ಸೀಳು ತಾ ತಮ್ಮಾ” ಎಂದಳು. ಅಷ್ಟೇ.

ತಂದುಕೊಟ್ಟೆ. ಹಳೆ ಧೋತರ ಹರಿದುಕೊಟ್ಟೆ. ದನದ ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಮಾಡಿಸಿದೆ, ಮುಲಾಮು ತಂದೆ. ಕಾಲಿನ ಮೇಲೆ ಭಾರ ಬೀಳಬಾರದು ಎಂದಿದ್ದಕ್ಕೆ ಗೋಣಿಚೀಲಕ್ಕೆ ತೂತು ಮಾಡಿ, ಅದರಲ್ಲಿ ಹೆಬ್ಬಾತನ್ನು ಕೂರಿಸಿ ಮಂಚದ ಚೌಕಟ್ಟಿಗೆ ತೂಗುಹಾಕಿದೆ. ದಿನಾ ಕೆಳಗಿನ ಹೊಲಸು ಬಳಿಯುವುದು, ನೆನೆಸಿದ ಜೋಳ ತಿನ್ನಿಸುವುದು ನನ್ನದೇ ಕೆಲಸ. ಅದು ನನ್ನ ಮುಂಗೈಯನ್ನೇ ಹಿಡಿದು ತಿರುವುತ್ತಿತ್ತು. ಕಚ್ಚಲಿ ಅಂತ ಬಿಟ್ಟೆ. ಪಾಪ ಅನಿಸಬೇಕಿತ್ತು, ಕೊನೆಗೆ ನೋವಾದರೂ ಆಗಬೇಕಿತ್ತು. ಏನೂ ಇಲ್ಲ. ಇನ್ಯಾರದೋ ಕೈ ಕೆಲಸ ಮಾಡುತ್ತಿತ್ತು, ನಾನು ನೋಡುತ್ತಿದ್ದೆ.

“ನೀವು ಇಷ್ಟು ಮಾಡ್ತೀರಿ ಅಂತ ಅನ್ಕೊಂಡಿರ್ಲಿಲ್ರಿ” ಎಂದು ಒಂದು ಮಧ್ಯಾಹ್ನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಿಜ ಹೇಳಿಬಿಟ್ಟರೆ ಅವಳ ಆ ಮುಖ ಇನ್ನೆಂದೂ ನನಗೆ ಹೀಗೆ ಕಾಣುವುದಿಲ್ಲ ಎಂಬುದೊಂದೇ ಅಂಜಿಕೆ. ರೊಟ್ಟಿ ತಿಂದೆ.

ಆ ಕೆಂಪು ನಾಯಿ ಕಂಡಾಗಲೆಲ್ಲ ಅವಳು ಕಲ್ಲು ತೂರುತ್ತಿದ್ದಳು. ನಾಯಿ ಕುಂಯ್ ಎಂದು ಓಡಿ, ಮತ್ತೆ ಬಂದು ಬಾಲ ಅಲ್ಲಾಡಿಸುತ್ತಿತ್ತು, ಹುಚ್ಚು ಜಾತಿ. ವಾರದೊಳಗೆ ಸಂತಪುರದಿಂದ ಆಯಿಯ ತಮ್ಮ ಬಂದು ಅದನ್ನು ತನ್ನ ಗಾಡಿಯಲ್ಲಿ ಹಾಕಿಕೊಂಡು ಹೋದ. ಅವತ್ತು ಸಂಜೆಯೂ ಆಯಿ ನಮ್ಮ ಮನೆಗೆ ಬಂದು ಕಟ್ಟು ಸಡಿಲಾಗಿದೆಯೇ ಎಂದು ನೋಡಿದಳು.

ತಿಂಗಳಾದ ಮೇಲೆ ಅವಳೇ ಕಟ್ಟು ಬಿಚ್ಚಿದಳು. ಹೆಬ್ಬಾತು ನಿಂತಿತು. ಕುಂಟುತ್ತ ನಾಲ್ಕು ಹೆಜ್ಜೆ ಹಾಕಿತು. ಹೆಂಡತಿ ಅತ್ತಳು, ನಕ್ಕಳು, “ಆ ನಾಯಿ ಹಾಳಾಗಿ ಹೋಗ್ಲಿ” ಎಂದಳು. ಆಯಿ ಧೋತರದ ಪಟ್ಟಿ ಮಡಚಿಟ್ಟು ಎದ್ದು ಹೋದಳು. ಅವಳ ಬಾಗಿಲವರೆಗೆ ಹಿಂದೆಯೇ ಹೋದೆ.

“ನಿಮಗ ಗೊತ್ತದ ಏನ್ರಿ ಆಯಿ?”

“ನಾಯಿ ಹಿಡದ್ರ ಹಲ್ಲಿನ ತೂತು ಬೀಳ್ತಾವ ತಮ್ಮಾ. ಇದು ಗಾಲಿ ಕೆಲಸ. ಎಷ್ಟು ಕಾಲು ಕಟ್ಟೀನಿ ನಾ.”

“ಮತ್ತ ಅವತ್ತೇ ಯಾಕ ಹೇಳ್ಲಿಲ್ರಿ?”

“ಹೆಂಡತಿ ಮುಂದ ನಿನ್ನ ಮಾನ ಕಳೀಲೇನು? ಇವತ್ತ ಹೇಳ್ತಾನ, ನಾಳಿ ಹೇಳ್ತಾನ ಅಂತ ನೋಡ್ದೆ. ಕಲ್ಲು ಬೀಳೋದು ನಿಲ್ಲಲಿಲ್ಲ. ಕಳಿಸ್ಬಿಟ್ಟೆ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಎಲ್ಲವನ್ನೂ, ನಿಂತುಕೊಂಡೇ. ಜೋಳದ ಬುಟ್ಟಿಯಲ್ಲಿದ್ದ ಅವಳ ಕೈ ಅಲ್ಲೇ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. “ನಾಯಿ ಕರಕೊಂಡು ಬರ್ರಿ. ಆಮ್ಯಾಲ ಒಳಗ ಬರ್ರಿ” ಎಂದಳು.

ಮರುದಿನ ಬೆಳಿಗ್ಗೆ ಟಂಟಂ ತೆಗೆದುಕೊಂಡು ಸಂತಪುರಕ್ಕೆ ಹೋದೆ. ಆಯಿಯ ತಮ್ಮ ನನ್ನ ಮುಖ ನೋಡಲಿಲ್ಲ. “ತಂದ ಮೂರನೇ ದಿನಾನೇ ಹಗ್ಗ ಕಡ್ಕೊಂಡು ಹೋತ್ರಿ. ಭಾಲ್ಕಿ ಕಡಿನೇ ಓಡ್ತು ಅಂದ್ರು ಮಂದಿ. ಅಲ್ಲಿಗಿ ಬಂದು ಮುಟ್ಟಿಲ್ಲೇನು?”

“ಇಲ್ಲ.”

“ಅಕ್ಕಗ ಹ್ಯಾಂಗ ಹೇಳ್ಲಿ ಅಂತ ಸುಮ್ಮ ಇದ್ದೆ” ಎಂದ.

ಬರುವಾಗ ದಾರಿಯ ಎರಡೂ ಬದಿ ನೋಡುತ್ತ ಬಂದೆ. ಚಹಾದಂಗಡಿ ಕಂಡಲ್ಲೆಲ್ಲ ಇಳಿದು ಕೇಳಿದೆ. ಕೆಂಪು ನಾಯಿಗಳು ಊರೂರಿಗೂ ಇರುತ್ತವೆ, ಯಾರು ಲಕ್ಷ್ಯ ಕೊಡುತ್ತಾರೆ. ಒಂದು ಕಡೆ ಗಾಡಿ ನಿಲ್ಲಿಸಿ ಅತ್ತಾದರೂ ಹೋಗೋಣವೆಂದು ಕೂತೆ. ಅಳು ಬರಲಿಲ್ಲ.

ಊರು ಮುಟ್ಟುವಾಗ ಸಂಜೆ. ನಾನು ಎಲ್ಲಿಗೆ ಹೋಗಿದ್ದೇನೆಂದು ಹೆಂಡತಿ ಆಯಿಗೆ ಹೇಳಿದ್ದಳಂತೆ. ಆಯಿ ಹೊಸ್ತಿಲ ಮೇಲೆ ಕೂತಿದ್ದಳು, ಪಕ್ಕದ ತಟ್ಟೆಯಲ್ಲಿ ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ. ಗಾಡಿಯ ಸದ್ದಿಗೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. ನಾನು ಇಳಿಯಲಿಲ್ಲ. ಅವಳು ಹಿಂದಿನ ಸೀಟು ನೋಡಿದಳು, ಆಮೇಲೆ ಬಗ್ಗಿ ಸೀಟಿನ ಕೆಳಗೆ ಕೈಯಾಡಿಸಿದಳು.

“ಅಂಜಿ ಕೆಳಗ ಮಲಗ್ಯದೇನು ತಮ್ಮಾ?”