ಸರೋಜತ್ತೆಯ ಕಾದಂಬರಿ

ಆಗೆಲ್ಲ ಬಿಳಿಗೆರೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ. ಟೀವಿ ಇಲ್ಲದ ಆ ಹೊತ್ತಿನಲ್ಲಿ ನನಗಿದ್ದದ್ದು ತೆಂಗಿನ ಗರಿಯ ಪೀಪಿ, ಲಂಗದ ಮಡಿಲಲ್ಲಿ ಕೊಬ್ಬರಿ ಬೆಲ್ಲ, ಮತ್ತೆ ಸರೋಜತ್ತೆ ಗಟ್ಟಿಯಾಗಿ ಓದುತ್ತಿದ್ದ ಕಾದಂಬರಿ. ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿಗಳ ಒಣ ವಾಸನೆ ಪಡಸಾಲೆಗೂ ಇಳಿಯುತ್ತಿತ್ತು. ಅಲ್ಲೇ ಚಾಪೆ ಹಾಸಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದೆ.

ಅತ್ತೆ ಅಪ್ಪನ ತಂಗಿ. ಮಾಯಸಂದ್ರಕ್ಕೆ ಕೊಟ್ಟಿದ್ದರು. ನಾನು ಮೂರನೇ ಕ್ಲಾಸು ಮುಗಿಸಿದ ವರ್ಷ ಅವಳ ಕೂಸು ಜ್ವರ ಬಂದು ತೀರಿಕೊಂಡಿತು. ಸುಧಾರಿಸಿಕೊಳ್ಳಲೆಂದು ತವರಿಗೆ ಕರೆತಂದರು. ಬೆಳಿಗ್ಗೆ ಕೂಸಿಗೆ ನೀರು ಹಾಕುತ್ತಿದ್ದ ಹೊತ್ತಾದರೆ ಅವಳು ಸೌಟಿನಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆ ಬಿಸಿ ಮಾಡಿಬಿಡುತ್ತಿದ್ದಳು. ಆಮೇಲೆ ಸೌಟು ಇಳಿಸಿ, ನನ್ನನ್ನು ಕರೆದು ತಲೆಗೆ ತಿಕ್ಕುತ್ತಿದ್ದಳು. ಅಜ್ಜಿ ಬಾಯಿಗೆ ಸೆರಗಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಅತ್ತೆ ಓದುತ್ತಿದ್ದದ್ದು ಒಬ್ಬರೇ ಲೇಖಕಿಯನ್ನು, ಅದರಲ್ಲೂ ಒಂದೇ ಕಾದಂಬರಿಯನ್ನು ಮತ್ತೆ ಮತ್ತೆ. ಮಗನನ್ನು ಕೆರೆಯಲ್ಲಿ ಕಳೆದುಕೊಂಡ ತಾಯಿಯೊಬ್ಬಳು ಅದರಲ್ಲಿ ದಿನವೂ ಅವನ ತಟ್ಟೆಗೆ ಮುದ್ದೆ ಇಡುತ್ತಾಳೆ.

ಆ ರಜೆಗೆ ದೊಡ್ಡಪ್ಪ ಬಂದರು. ತುಮಕೂರಿನಲ್ಲಿ ಕನ್ನಡ ಲೆಕ್ಚರರು, ವಿಮರ್ಶಕರೆಂದು ಹೆಸರಿತ್ತು. ಅದೇ ಕಾದಂಬರಿಯ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ತಮ್ಮ ಲೇಖನವನ್ನು ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದರು. ಆ ತಾಯಿಯ ಹುಚ್ಚು ಇಡೀ ಊರಿನ ಹುಚ್ಚಿನ ಸಂಕೇತ ಎಂಬುದು ಅದರ ಸಾರ. ಅಪ್ಪ ತಲೆದೂಗಿದರು. ಮಜ್ಜಿಗೆ ತಂದಿದ್ದ ಅತ್ತೆ ಲೋಟ ಕೆಳಗಿಡಲಿಲ್ಲ.

"ಅವ್ಳಿಗೆ ಹುಚ್ಚಿಲ್ಲ ಕಣಣ್ಣ," ಎಂದಳು. "ಮಗ ಇಲ್ಲ ಅನ್ನೋದು ಅವ್ಳಿಗೆ ಗೊತ್ತು. ಕೈಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇಯ."

ದೊಡ್ಡಪ್ಪ ಕೆಟ್ಟವರಲ್ಲ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಕೇತವೆಂದರೇನೆಂದು ಬಿಡಿಸಿ ಹೇಳಿದರು. ಅತ್ತೆ ಪುಸ್ತಕ ತಂದು, ಆ ತಾಯಿ ಮನೆಮಂದಿಗೆಲ್ಲ ಬಡಿಸುವುದನ್ನು, ದನಕ್ಕೆ ಕಲಗಚ್ಚು ಇಡುವುದನ್ನು, ಗಂಡನಿಗೆ ಹೊತ್ತಿಗೆ ಸರಿಯಾಗಿ ಔಷಧಿ ಕೊಡುವುದನ್ನು ತೋರಿಸಿದಳು. ಹುಚ್ಚಿ ಹೀಗಿರುತ್ತಾಳೆಯೇ ಎಂದು ಕೇಳಿದಳು. ಕೊನೆಗೆ ದೊಡ್ಡಪ್ಪನಿಗೆ ಬೇಸರವಾಯಿತು.

"ನಿನ್ ಸಂಕಟಾನ ತಂದು ಕತೆ ಮೇಲೆ ಹಾಕ್ತಿದ್ದೀಯ ಕಣಮ್ಮ. ಕಾದಂಬ್ರಿ ಹಂಗೆ ಓದ್ಬಾರ್ದು."

"ಹಂಗಾರೆ ನಂಗೂ ಹುಚ್ಚು ಅಂತೀಯಾ?"

ಇಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ಆ ಗಳಿಗೆಯಲ್ಲಿ ಅಪ್ಪ ಅಜ್ಜಿಯ ಮುಖ ನೋಡಿದರು, ಅಜ್ಜಿ ನೆಲ ನೋಡಿದಳು. ಮನೆಯವರೆಲ್ಲ ಒಳಗೊಳಗೇ ಅದನ್ನೇ ಅಂದುಕೊಳ್ಳುತ್ತಿದ್ದರೆಂದು ಅತ್ತೆಗೆ ತಿಳಿದದ್ದು ಆಗ. ನನಗೂ.

ಮಾರನೆಯ ದಿನದಿಂದ ಅವಳು ಎಣ್ಣೆ ಕಾಯಿಸಲಿಲ್ಲ. ಓದೆಂದು ಪೀಡಿಸಿದರೆ "ಬುಡು ಪುಟ್ಟಿ, ಕಣ್ಣುರಿ" ಎನ್ನುತ್ತಿದ್ದಳು. ಡಾಕ್ಟರಿಗೆ ತೋರಿಸೋಣವೆಂದು ದೊಡ್ಡಪ್ಪ, ಗಂಡನ ಮನೆ ಸೇರಿದರೆ ಸರಿಹೋಗುತ್ತಾಳೆಂದು ಅಜ್ಜಿ. ಅಜ್ಜಿಯ ಮಾತೇ ನಡೆಯಿತು. ಮುಂಗಾರಿಗೆ ಮುಂಚೆಯೇ ಅವಳ ಗಂಡ ಬಂದು ಕರೆದೊಯ್ದರು. ಪುಸ್ತಕವನ್ನು ಅವಳು ಮುಟ್ಟಲಿಲ್ಲ. ಕೆಲವು ವರ್ಷ ಅಲ್ಲಿ ಎಲ್ಲರಂತೆ ಬಾಳಿ, ಕಾಮಾಲೆಯಾಗಿ ತೀರಿಕೊಂಡಳು.

ದೊಡ್ಡಪ್ಪನ ಲೇಖನ ಅವರ ವಿಮರ್ಶೆಯ ಪುಸ್ತಕಕ್ಕೆ ಸೇರಿತು. ನಾನು ಬಿ.ಎ. ಓದುವಾಗ ನಮ್ಮ ಮೇಷ್ಟರು ಅದನ್ನೇ ಪಾಠ ಮಾಡಿದರು. ಆ ತಾಯಿಯ ವಿಚಾರದಲ್ಲಿ ಅತ್ತೆ ಹೇಳಿದ್ದೇ ಸರಿ ಎಂದು ಇವತ್ತಿಗೂ ನನ್ನ ನಂಬಿಕೆ. ಆದರೆ ತಟ್ಟೆಗೆ ಮುದ್ದೆ ಇಡುವ ಪುಟಕ್ಕೆ ಬಂದಾಗ ನೆನಪಿಗೆ ನುಗ್ಗುವುದು ದೊಡ್ಡಪ್ಪನ ಅಚ್ಚಾದ ವಾಕ್ಯಗಳು. ಅತ್ತೆ ಅದನ್ನು ಯಾವ ದನಿಯಲ್ಲಿ ಓದುತ್ತಿದ್ದಳೋ, ಎಷ್ಟು ತಡಕಿದರೂ ಸಿಗುವುದಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಅವಳ ಓದು ಕೇಳಿದವಳು ನಾನೊಬ್ಬಳೇ.