ನಾಲ್ಕು ರಸ್ತೆಯ ಸುಬ್ಬಮ್ಮ

ಸುಬ್ಬಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಆಡಿಕೊಳ್ಳುವುದು ಬೇಡ. ಅರವತ್ತು ದಾಟಿದ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ, ಸದಾ ಎಲೆಅಡಿಕೆ ಜಗಿಯುವ ಒಬ್ಬ ಹೆಂಗಸಿನ ದೆಸೆಯಿಂದ ಬಿಸಿಎ ಓದಿದ ನನಗೆ ಎರಡು ವರ್ಷ ಉಂಡ ಅನ್ನ ಮೈಗೆ ಹತ್ತಲಿಲ್ಲ ಎಂದರೆ ನಗುತ್ತೀರಿ. ನಗಿ, ನನಗೇನು.

ಹೊಳೆನರಸೀಪುರದಲ್ಲಿ ಡಾಕ್ಟರ್ ದೇವರಾಜ್ ಅವರದೊಂದು ಸಣ್ಣ ಹೆರಿಗೆ ಆಸ್ಪತ್ರೆ. ಅವರ ತಂದೆಯ ಕಾಲದಲ್ಲಿ ಸುಬ್ಬಮ್ಮ ಅಲ್ಲಿ ನೆಲ ಒರೆಸಲು ಸೇರಿದ್ದಳು. ಕಾರ್ಡು ಬರೆಯುವವನು ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದಾಗ, ಅಕ್ಷರ ಗುಂಡಗಿದೆಯೆಂದು ಹಿರಿಯ ಡಾಕ್ಟರು ಇವಳನ್ನು ಕಿಟಕಿಯ ಹಿಂದೆ ಕೂರಿಸಿದರು. ಕೂತವಳು ಇಪ್ಪತ್ತೇಳು ವರ್ಷ ಏಳಲಿಲ್ಲ.

ಅವಳ ಹಿಂದೆ ನಾಲ್ಕು ಮರದ ಸ್ಟ್ಯಾಂಡು. ಊರಿನಿಂದ ಹೊರಡುವ ನಾಲ್ಕು ರಸ್ತೆಗೆ ನಾಲ್ಕು: ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಹಳ್ಳಿಮೈಸೂರು. ಒಂದೊಂದು ಸ್ಟ್ಯಾಂಡಿನಲ್ಲೂ ಊರುಗಳು ಬಸ್ಸು ನಿಲ್ಲುವ ಕ್ರಮದಲ್ಲಿ. ಊರೊಳಗೆ ಮನೆಗಳು, ಮನೆಯೊಳಗೆ ಹೆಂಗಸರು. ಯಾರಾದರೂ ಕಿಟಕಿಗೆ ಬಂದರೆ ಅವಳು ಹೆಸರು ಕೇಳುತ್ತಲೇ ಇರಲಿಲ್ಲ. "ಯಾವೂರವ್ವ? ಯಾರಟ್ಟಿ?" ಅಷ್ಟೇ. ತಿರುಗಿ ಕೂಡ ನೋಡದೆ ಕೈ ಹಿಂದಕ್ಕೆ ಹೋಗಿ ಕಾರ್ಡು ಈಚೆ ಬರುತ್ತಿತ್ತು.

ಗಂಡನ ಹೆಸರು ಹೇಳದ ಮುದುಕಿಯರು ನಮ್ಮ ಕಡೆ ಈಗಲೂ ಇದ್ದಾರೆ. ಅಂಥವರು ಬಂದರೆ ಸುಬ್ಬಮ್ಮ ತಾನೇ ಹೆಸರುಗಳನ್ನು ಹೇಳುತ್ತಾ ಹೋಗುವಳು. "ನಂಜಯ್ಯನಾ? ಶಿವಯ್ಯನಾ?" ಸರಿಯಾದದ್ದು ಬಂದಾಗ ಮುದುಕಿ ಸೆರಗು ಬಾಯಿಗೆ ಹಿಡಿದು ತಲೆ ತಗ್ಗಿಸುವಳು. ಇಬ್ಬರೂ ನಗುವರು. ಆ ನಗು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ನಾನು ಸಮತಾ. ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಹಳೆಯ ಕಾರ್ಡುಗಳನ್ನು ಅದಕ್ಕೆ ತುಂಬಿಸಲು ನನ್ನನ್ನು ತೆಗೆದುಕೊಂಡರು. ಕೆಲಸ ಚೆನ್ನಾಗಿ ಮಾಡಿದರೆ ಆ ಕಿಟಕಿ ನನ್ನದು, ಇನ್‌ಚಾರ್ಜ್ ಎಂಬ ಹೆಸರೂ ನನ್ನದು ಎಂದು ಡಾಕ್ಟರ್ ಹೇಳಿದ್ದರು. ಆ ಕಿಟಕಿ ನನಗೆ ಬೇಕಿತ್ತು. ಬೇಕೇ ಬೇಕಿತ್ತು.

ಆದರೆ ಆ ಸಾಫ್ಟ್‌ವೇರ್ ಮಾಡಿದ ಪುಣ್ಯಾತ್ಮ ನಮ್ಮ ಸೀಮೆಯ ಒಬ್ಬ ಹೆಂಗಸನ್ನೂ ಕಂಡವನಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಎರಡನೆಯದನ್ನು ತುಂಬದಿದ್ದರೆ ಮುಂದಕ್ಕೇ ಹೋಗದು. ನಮ್ಮ ಲಕ್ಷ್ಮಮ್ಮ, ಕಾಳಮ್ಮರಿಗೆ ಕೊನೆಯ ಹೆಸರನ್ನು ಎಲ್ಲಿಂದ ತರಲಿ? ಲಕ್ಷ್ಮ ಮೊದಲ ಹೆಸರು, ಅಮ್ಮ ಕೊನೆಯ ಹೆಸರು ಎಂದು ಹೊಡೆದೆ. ಹೀಗೆ ಎರಡು ಸಾವಿರ ಹೆಂಗಸರು ಅಮ್ಮ ಮನೆತನದವರಾದರು. ಹುಟ್ಟಿದ ತಾರೀಖು ಗೊತ್ತಿಲ್ಲದವರೆಲ್ಲ ಜೂನ್ ಒಂದರಂದು ಹುಟ್ಟಿದರು.

ಸುಬ್ಬಮ್ಮ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. "ಇದೇನ್ ಮಗಾ, ಎಲ್ರುನೂವೆ ಒಂದೇ ದಿನ ಹುಟ್ಟುಸ್ಬುಟ್ಟೆ? ಸೂಲಗಿತ್ತಿ ಗತಿ ಏನು?" ಅಂದಳು. ವಾರ್ಡಿನ ನರ್ಸುಗಳು ಬಿದ್ದು ಬಿದ್ದು ನಕ್ಕರು. ಅವತ್ತು ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತೆ.

ಈಗ ಚೀಟಿಗಳ ವಿಷಯ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಹಾಗಾಗಿ ಹುಡುಗಿಯ ಕಾರ್ಡನ್ನು ಸುಬ್ಬಮ್ಮ ತವರಿನ ರಸ್ತೆಯಲ್ಲಿ ಇಡುತ್ತಿದ್ದಳು. ಗಂಡನ ಊರಿನ ಜಾಗದಲ್ಲಿ ಒಂದು ಚೀಟಿ: "ಮಂಚಯ್ಯನ ಸೊಸೆ. ಹಳ್ಳಿಮೈಸೂರು ರಸ್ತೆ, ಚನ್ನಪ್ಪನ ಮಗಳು ನೋಡು." ಆಮೇಲೆ ಅವಳು ಅತ್ತೆಯ ಜೊತೆ ಬರಲಿ, ತಾಯಿಯ ಜೊತೆ ಬರಲಿ, ಕಾರ್ಡು ಒಂದೇ. ಅಂಥ ಚೀಟಿ ಏಳುನೂರರ ಮೇಲಿದ್ದವು. ನಂಬರಿಲ್ಲ, ತಾರೀಖಿಲ್ಲ, ಕಂಪ್ಯೂಟರಿನಲ್ಲಿ ಅವಕ್ಕೆ ಖಾನೆಯೂ ಇಲ್ಲ. ಒಂದು ಭಾನುವಾರ ಸುಬ್ಬಮ್ಮ ಇಲ್ಲದ ಹೊತ್ತು ನೋಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ರದ್ದಿಯವನಿಗೆ ಕೊಟ್ಟುಬಿಟ್ಟೆ. ಕಸ ಅಂದುಕೊಂಡೆ ಎಂದರೆ ಅದು ಅರ್ಧ ಸುಳ್ಳು. ಅವು ಅವಳ ಗುಂಡಗಿನ ಅಕ್ಷರದಲ್ಲಿದ್ದವು, ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಸೋಮವಾರ ಖಾಲಿ ಜಾಗಗಳನ್ನು ಸುಬ್ಬಮ್ಮ ಕಂಡಳು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಬೆಂಚಿಗೆ ಹೋಗಿ ಕೂತಳು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ತಿಂಗಳ ಮೇಲೆ ಅರಕಲಗೂಡು ರಸ್ತೆಯ ರಾಮನಾಥಪುರದ ಕಡೆಯಿಂದ ಧನ್ಯಾ ಎಂಬ ಬಸುರಿ ಹುಡುಗಿ ಅತ್ತೆಯ ಜೊತೆ ಬಂದಳು. ಐದು ತಿಂಗಳು, ಮೈ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಅಷ್ಟರಲ್ಲಿ ಬಂದವರನ್ನು ನಾನೇ ಕಂಪ್ಯೂಟರಿನಲ್ಲಿ ಬರೆದುಕೊಳ್ಳತೊಡಗಿದ್ದೆ, ಸುಬ್ಬಮ್ಮ ಬೆಂಚಿನಲ್ಲಿರುತ್ತಿದ್ದಳು. ಫೋನ್ ನಂಬರ್ ಹಾಕಿ ಹುಡುಕಿದೆ, ಸಿಗಲಿಲ್ಲ. ಗಂಡನ ಹೆಸರು ಹಾಕಿದೆ, ಅದೂ ಇಲ್ಲ. ಹೊಸ ಪೇಶೆಂಟ್ ಎಂದು ತೆರೆದು, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಎಲ್ಲರೆದುರು ಕೇಳಿದೆ. ಹುಡುಗಿ ಅತ್ತೆಯ ಕಡೆ ಒಮ್ಮೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಇಲ್ಲ ಎಂದು ಒತ್ತಿದೆ. ಒಳಗೆ ಡಾಕ್ಟರ್ ನೋಡಿ ಇಂಜೆಕ್ಷನ್ ಬರೆದರು. ನರ್ಸು ಟ್ರೇ ಹಿಡಿದು ಹೊರಟಳು.

ಬೆಂಚಿನಿಂದ ಸುಬ್ಬಮ್ಮ ಎದ್ದಳು. "ಏ, ತಡಿ ತಡಿ ಕಣವ್ವ! ಸೂಜಿ ಮಡಗು ಕೆಳಕ್ಕೆ!" ಹುಡುಗಿಯ ಗಲ್ಲ ಹಿಡಿದೆತ್ತಿ, "ನೀನು ಹಳ್ಳಿಮೈಸೂರ್ ಕಡೆ ಚನ್ನಪ್ಪನ ಮಗ್ಳಲ್ವಾ?" ಅಂದಳು. ಒಳಗೆ ಹೋಗಿ ಕೈಯಲ್ಲಿ ಒಂದು ಕಾರ್ಡು ಹಿಡಿದು ಬಂದಳು. ಅದರಲ್ಲಿದ್ದದ್ದು ಅಪ್ಪನ ಹೆಸರು, ತವರಿನ ಫೋನು; ಮೂಲೆಗೆ, ಔಷಧಿ ಒಗ್ಗದವರ ಗುರುತಾಗಿ, ಕೆಂಪು ದಾರ ಕಟ್ಟಿತ್ತು. ಮೊದಲ ಹೆರಿಗೆಯಲ್ಲಿ ಅದೇ ಇಂಜೆಕ್ಷನ್ನಿಗೆ ಗಂಟಲು ಊದಿಕೊಂಡು ಹುಡುಗಿ ಸಾಯುವುದರಲ್ಲಿದ್ದಳಂತೆ. ಸೊಸೆಗೆ ಏನೋ ಕಾಯಿಲೆ ಅಂದುಕೊಂಡಾರೆಂದು ತಾಯಿ ಬೀಗರ ಮುಂದೆ ಬಾಯಿ ಬಿಡಬೇಡ ಎಂದಿದ್ದಳಂತೆ.

ನನ್ನ ಎದೆಯಲ್ಲಿ ಮೊದಲು ಬಂದದ್ದು ಏನು ಗೊತ್ತೇ? ಹುಡುಗಿ ಉಳಿದಳಲ್ಲ ಎಂಬುದಲ್ಲ. ಇದೂ ಇವಳ ಪಾಲಿಗೇ ಹೋಯಿತಲ್ಲ ಎಂಬುದು. ಥೂ, ನನ್ನ ಬುದ್ಧಿಗಿಷ್ಟು!

ಡಾಕ್ಟರ್ ಕಾರ್ಡು ಹಿಡಿದುಕೊಂಡು ಕಿಟಕಿಗೇ ಬಂದರು. "ಗಂಡನ ಊರಿನ ಜಾಗದಲ್ಲಿ ಇದಕ್ಕೊಂದು ಚೀಟಿ ಇರಬೇಕಲ್ಲ, ಎಲ್ಲಿ?"

ಸುಬ್ಬಮ್ಮ ನನ್ನ ಕಡೆ ನೋಡಲೂ ಇಲ್ಲ.

"ನಾನೇ ಬರ್ದಿರ್ನಿಲ್ಲ ಸಾ. ವಯಸ್ಸಾಯ್ತು, ಮರ್ತ್ಬುಟ್ಟಿದ್ದೆ," ಅಂದಳು.

ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ. ಮುಂದಿನ ವಾರದಿಂದ ಸುಬ್ಬಮ್ಮ ಬರಲಿಲ್ಲ. ಡಾಕ್ಟರ್ ಕೆಲಸ ಬಿಡಿಸಿದರೆಂದು ನರ್ಸುಗಳು ಪಿಸುಗುಟ್ಟಿದರು. ಕಿಟಕಿ ನನ್ನದಾಯಿತು.

ಸಾಫ್ಟ್‌ವೇರಿನವನಿಗೆ ಫೋನು ಮಾಡಿ ಜಗಳ ಆಡಿ ಆಡಿ ಖಾನೆಗಳನ್ನು ಬದಲಾಯಿಸಿದೆ. ಕೊನೆಯ ಹೆಸರು ತೆಗೆಸಿ ತವರು ಹಾಕಿಸಿದೆ. ರಸ್ತೆ, ಊರು, ಯಾರ ಮನೆ ಎಂಬುದೂ ಬಂತು. ಔಷಧಿಯ ಪ್ರಶ್ನೆಯನ್ನು ಕಿಟಕಿಯಿಂದ ತೆಗೆದು, ಹುಡುಗಿಯೊಬ್ಬಳನ್ನೇ ಒಳಗೆ ಕರೆದು ಕೇಳುವ ಹಾಗೆ ಮಾಡಿದೆ. ಒಬ್ಬಳಿಗೆ ಎರಡೆರಡು ಕಾರ್ಡು ಆಗುವುದು ನಿಂತೇಹೋಯಿತು. ಹಾಸನದಿಂದ ಇಬ್ಬರು ಡಾಕ್ಟರುಗಳು ನೋಡಲು ಬಂದರು. "ತವರಿನ ಐಡಿಯಾ ಯಾರದಮ್ಮ? ಒಳ್ಳೇ ತಲೆ," ಎಂದರು. ನಾನು ನಕ್ಕೆ. ಅದಕ್ಕಿಂತ ಹೆಚ್ಚೇನೂ ಹೇಳಬೇಕಾಗಲಿಲ್ಲ.

ಎಲ್ಲ ಸಿಕ್ಕಿತಲ್ಲ, ಇನ್ನಾದರೂ ನೆಮ್ಮದಿಯೇ? ಎಲ್ಲಿಯ ನೆಮ್ಮದಿ! ದಿನಕ್ಕೆ ಹತ್ತು ಜನ ಕಿಟಕಿಯಲ್ಲಿ ಬಗ್ಗಿ, "ಸುಬ್ಬಮ್ಮ ಇಲ್ವಾ?" ಎನ್ನುತ್ತಿದ್ದರು. ಒಬ್ಬ ಮುದುಕಿಗೆ ನಾನೂ ಅವಳ ಹಾಗೆಯೇ ಗಂಡಸರ ಹೆಸರು ಹೇಳುತ್ತಾ ಹೋದೆ. ಮುದುಕಿ ನಾಚಲಿಲ್ಲ, ನಗಲಿಲ್ಲ. "ನಿಂಗ್ಯಾಕವ್ವ ಆ ಉಸಾಬರಿ? ಸುಬ್ಬಮ್ಮ ಬಂದಾಗ ಬತ್ತೀನಿ ಬುಡು," ಎಂದು ಎದ್ದು ಹೋದಳು. ಇಲ್ಲದವಳ ಮೇಲೂ ಹೊಟ್ಟೆ ಉರಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ತಡೆಯಲಾರದೆ ಕಳೆದ ಶುಕ್ರವಾರ ಡಾಕ್ಟರ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಸಾರ್, ಚೀಟಿ ಬರೆದಿದ್ದಳು ಸುಬ್ಬಮ್ಮ. ಎಲ್ಲವನ್ನೂ ಎಸೆದವಳು ನಾನು. ನೀವು ಅನ್ಯಾಯವಾಗಿ ಅವಳನ್ನು ಕಳಿಸಿದಿರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗೊತ್ತು. ಇಪ್ಪತ್ತೇಳು ವರ್ಷ ಒಂದು ಚೀಟಿ ಮರೆತವಳಲ್ಲ, ಅವತ್ತು ಮಾತ್ರ ಮರೀತಾಳಾ? ಆದರೆ ನಾನೆಲ್ಲಿ ಕಳಿಸಿದೆ ಸಮತಾ? ಅವಳೇ ಬಿಟ್ಟಿದ್ದು. ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ."

"ಯಾಕಂತೆ ಸಾರ್?"

ಡಾಕ್ಟರ್ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. ಆಮೇಲೆ ಅವಳ ಮಾತನ್ನು ಅವಳ ಹಾಗೆಯೇ ಹೇಳಿದರು.

"'ನಾನಿಲ್ಲಿ ಕುಂತಿರಗಂಟ ಆ ಹುಡ್ಗಿ ಬಂದೋರ ಮಕ ನೋಡಾಕಿಲ್ಲ ಸಾ. ನನ್ ಮಕನೇ ನೋಡ್ತಾ ಕುಂತಿರ್ತದೆ.'"