ಏಳು ದಿನ ಹೆಚ್ಚು ಸಿಕ್ಕಿದ್ದು

ಗ್ಲಾಸ್ಗೋಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ರಟ್ಟಿನ ಚೀಟಿ ತೂಗುತ್ತಿತ್ತು. ‘ಈ ವಾರ ನಿಮ್ಮ ಸರದಿ’ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಯಾವುದರ ಸರದಿ ಎಂದು ಇರಲಿಲ್ಲ. ಸಹಿಯೂ ಇಲ್ಲ, ಹೆಸರೂ ಇಲ್ಲ. ಮೂರು ವರ್ಷ ಕಾಸರಗೋಡಿನ ಕೋರ್ಟಿನಲ್ಲಿ ಜೂನಿಯರ್ ವಕೀಲೆಯಾಗಿ ಓಡಾಡಿದ ನನಗೆ, ಬಾಗಿಲಿಗೆ ಅಂಟಿಸಿದ ಕಾಗದ ಎಂದರೆ ಒಂದೇ ಅರ್ಥ, ಮನೆ ಖಾಲಿ ಮಾಡಿಸುವ ನೋಟೀಸು. ಒಳಗೆ ಹೋಗಿ ಬಾಡಿಗೆ ಕರಾರನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ.

ಕೆಳಗಿನ ಮನೆಯ ಮೊಯಿರಾ ಬಂದು ವಿವರಿಸಿದ ಮೇಲೆಯೇ ವಿಷಯ ತಿಳಿದದ್ದು. ಇಲ್ಲಿ ಕಲ್ಲಿನ ಹಳೆಯ ಕಟ್ಟಡಗಳಲ್ಲಿ ಎಂಟು ಮನೆಗಳಿಗೆ ಒಂದೇ ಮೆಟ್ಟಿಲಸಾಲು. ಅದಕ್ಕೆ ‘ಕ್ಲೋಸ್’ ಎನ್ನುತ್ತಾರೆ. ಅದನ್ನು ತೊಳೆಯುವ ಕೆಲಸ ವಾರಕ್ಕೊಂದು ಮನೆಯದು. ತೊಳೆದವರು ಚೀಟಿಯನ್ನು ಮುಂದಿನ ಬಾಗಿಲಿಗೆ ನೇತುಹಾಕಬೇಕು, ಅಷ್ಟೆ. ಮೊಯಿರಾ ಎಪ್ಪತ್ತು ದಾಟಿದ ಹೆಂಗಸು, ಮೊದಲು ಬಸ್ಸು ಓಡಿಸುತ್ತಿದ್ದವಳು. ಅವಳು ಆಡುವುದು ಇಂಗ್ಲಿಷೇ ಎಂದು ನಂಬಲು ನನಗೆ ಒಂದು ತಿಂಗಳು ಬೇಕಾಯಿತು. ಮಾತಿಗೊಮ್ಮೆ ನನ್ನನ್ನು ‘ಹೆನ್’ ಎನ್ನುತ್ತಿದ್ದಳು. ಕೋಳಿ ಎಂದು ಕರೆಸಿಕೊಳ್ಳುವಂಥದ್ದು ನಾನೇನು ಮಾಡಿದೆ ಎಂದು ಮುಖ ಸಣ್ಣದು ಮಾಡಿಕೊಂಡಿದ್ದೆ. ನಮ್ಮಲ್ಲಿ ‘ಮಗಾ’ ಎನ್ನುವ ಹಾಗೆ ಇಲ್ಲಿ ಅದು ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಬಗೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅವಳು ಏನು ಹೇಳಿದರೂ ತಲೆಯಾಡಿಸಿ ನಗುತ್ತಿದ್ದೆ.

ಹಾಗೆ ತಲೆಯಾಡಿಸುವವರನ್ನು ನಾನು ಊರಿನಲ್ಲಿ ಬಹಳ ಕಂಡಿದ್ದೆ. ಇಲ್ಲಿಗೆ ಬರಲು ಅವರೇ ಕಾರಣ ಎಂದರೂ ತಪ್ಪಲ್ಲ.

ನನ್ನ ಊರು ಕಾಸರಗೋಡಿನ ಪಕ್ಕದ ಮೊಗ್ರಾಲ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಅಮ್ಮ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ. ಕಾನೂನು ಓದಿ ಮುಗಿಸಿ ಲಲಿತಾ ಮೇಡಂ ಎಂಬ ಹಿರಿಯ ವಕೀಲರ ಕಚೇರಿ ಸೇರಿದಾಗ ಅಲ್ಲಿ ನನಗಿಂತ ಒಂದು ವರ್ಷ ಮೊದಲೇ ಬಂದಿದ್ದವನು ಪ್ರಸನ್ನ. ಕುಂಬಳೆಯವನು. ಮಲಯಾಳದ ಕಾಗದಗಳನ್ನು ಕಕ್ಷಿದಾರರಿಗೆ ಕನ್ನಡದಲ್ಲಿ, ತುಳುವಿನಲ್ಲಿ ಬಿಡಿಸಿ ಹೇಳುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಮೊದಮೊದಲು ಮೇಜು ಹಂಚಿಕೊಂಡೆವು, ಆಮೇಲೆ ಬುತ್ತಿ. ಮದುವೆಯಾಗುವುದೆಂದು ನಾವಿಬ್ಬರೇ ತೀರ್ಮಾನಿಸಿ ಎರಡೂ ಮನೆಗಳಿಗೆ ತಿಳಿಸಿದಾಗ ಯಾರೂ ಆಶ್ಚರ್ಯಪಡಲಿಲ್ಲ.

ನಮ್ಮ ಕಕ್ಷಿದಾರರಲ್ಲಿ ಕುಂಬ್ಡಾಜೆಯ ಕಮಲಕ್ಕ ಎಂಬವರಿದ್ದರು. ಗಂಡ ತೀರಿಕೊಂಡ ಮೂರನೆಯ ತಿಂಗಳಿಗೆ ಮೈದುನ ಅವರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಒಂದು ದಸ್ತಾವೇಜಿಗೆ ಸಹಿ ಹಾಕಿಸಿದ್ದ. ಅದು ಒಳಿಮುರಿ, ಎಂದರೆ ಜಾಗದ ಹಕ್ಕು ಬಿಟ್ಟುಕೊಡುವ ಪತ್ರ. ಇದ್ದದ್ದು ಮಲಯಾಳದಲ್ಲಿ. ಕಮಲಕ್ಕ ನಾಲ್ಕನೆಯ ತರಗತಿಯವರೆಗೆ ಕನ್ನಡ ಕಲಿತವರು. “ಓದಿ ಹೇಳಿದ್ರಾ?” ಎಂದು ನಾನು ಕೇಳಿದ್ದೆ. “ಓದಿದ್ರು ಮಗಾ. ನಾನು ತಲೆ ಆಡಿಸಿದೆ. ಎಲ್ಲರ ಎದುರು ಅರ್ಥ ಆಗ್ಲಿಲ್ಲ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ?” ಎಂದರು.

ಭಾಷೆ ತಿಳಿಯದವರಿಗೆ ಕೋರ್ಟಿನಲ್ಲಿ ಯಾವ ಹಕ್ಕು ಇರಬೇಕು ಎಂಬುದನ್ನು ಆಳವಾಗಿ ಓದಬೇಕೆಂಬ ಆಸೆ ಅವರ ಆ ಮಾತಿನಿಂದ ಹುಟ್ಟಿತು. ಪ್ರಸನ್ನನೂ ಹೂಂ ಎಂದ. ಇಬ್ಬರೂ ಗ್ಲಾಸ್ಗೋದ ಒಂದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದು, ಒಂದು ವರ್ಷದ ಸ್ನಾತಕೋತ್ತರ ಓದು ಮುಗಿಸಿ ಬರುವುದು, ಕುಂಬಳೆ ಬಸ್ ನಿಲ್ದಾಣದ ಹತ್ತಿರ ನಮ್ಮದೇ ಕಚೇರಿ ತೆರೆಯುವುದು. ಅರ್ಜಿಗಳನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಎದುರುಬದುರು ಕೂತು ತುಂಬಿಸಿದೆವು. ಇಬ್ಬರಿಗೂ ಶಿಫಾರಸು ಪತ್ರ ಕಳಿಸಬೇಕಾದವರು ಲಲಿತಾ ಮೇಡಂ.

ಫಲಿತಾಂಶ ಬರುವುದು ಮಾರ್ಚಿನಲ್ಲಿ ಎಂದಿತ್ತು. ನನಗೆ ಮಾತ್ರ ಡಿಸೆಂಬರಿನಲ್ಲೇ ಪತ್ರ ಬಂತು. ಆಯ್ದ ಕೆಲವರಿಗೆ ಮುಂಚಿತವಾಗಿ ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತಿದ್ದೇವೆ, ಅದರಲ್ಲಿ ನೀವೊಬ್ಬರು, ಹದಿನಾಲ್ಕು ದಿನಗಳೊಳಗೆ ಒಪ್ಪಿಗೆ ತಿಳಿಸದಿದ್ದರೆ ಅವಕಾಶ ಇನ್ನೊಬ್ಬರಿಗೆ ಹೋಗುತ್ತದೆ ಎಂದಿತ್ತು. ಓದಿದ ಕೂಡಲೇ ಖುಷಿಯಾಗಲಿಲ್ಲ. ‘ಪ್ರಸನ್ನನದು?’ ಎಂಬುದೊಂದೇ ತಲೆಯಲ್ಲಿತ್ತು.

ಪ್ರಸನ್ನ ಪತ್ರ ಓದಿ ಜೋರಾಗಿ ನಕ್ಕ. “ಒಪ್ಪು ಮಾರಾಯ್ತಿ. ಇದರಲ್ಲಿ ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು?”

“ನಿನ್ನದು ಬಾರದೆ ನಾನು ಹೇಗೆ ಒಪ್ಪುದು? ನಿನಗೆ ಸಿಗದಿದ್ರೆ?”

“ಸಿಗದಿದ್ರೆ ಒಂದು ವರ್ಷ ಅಲ್ವಾ. ಒಂದು ವರ್ಷ ಅಂದ್ರೆ ಎಷ್ಟು? ಕಮಲಕ್ಕನ ಕೇಸು ಎರಡು ಸಲ ಮುಂದಕ್ಕೆ ಹೋಗುವಷ್ಟು.”

ಹದಿನಾಲ್ಕು ದಿನವೂ ಇದೇ ಮಾತು. ಬಾರ್ ಅಸೋಸಿಯೇಷನ್ನಿನ ಕೋಣೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ. ಅಮ್ಮ ಏನೂ ಹೇಳದೆ ದಿನಾ ನನ್ನ ಮುಖ ನೋಡುತ್ತಿದ್ದರು. ಹನ್ನೆರಡನೆಯ ದಿನ ನಾನು ವಿದ್ಯಾರ್ಥಿವೇತನದ ಕಚೇರಿಗೆ ಒಂದು ಮೇಲ್ ಬರೆಯಲು ಕೂತೆ. ನನ್ನ ಭಾವೀ ಪತಿಯೂ ಅರ್ಜಿ ಹಾಕಿದ್ದಾರೆ, ಅವರ ಫಲಿತಾಂಶ ಬರುವವರೆಗೆ ದಯವಿಟ್ಟು ಕಾಯುತ್ತೀರಾ ಎಂದು. ಪ್ರಸನ್ನ ಪಕ್ಕದಲ್ಲೇ ಇದ್ದ. “ತುಂಬಾ ಬೇಡಿಕೊಂಡ ಹಾಗೆ ಆಯ್ತು” ಎಂದು ಒಂದು ವಾಕ್ಯವನ್ನು ಅವನೇ ತಿದ್ದಿದ. ಕಳಿಸುವ ಬಟನ್ನನ್ನೂ ಅವನೇ ಒತ್ತಿದ.

ಮರುದಿನ ಉತ್ತರ ಬಂತು. ಮಾರ್ಚಿನವರೆಗೆ ಸಾಧ್ಯವಿಲ್ಲ, ಏಳು ದಿನ ಹೆಚ್ಚು ಕೊಡುತ್ತೇವೆ.

ಈಗ ಬರೆಯಬೇಕಾದದ್ದನ್ನು ನಾನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಆ ಏಳು ದಿನಗಳನ್ನು ನಾನು ಕಾಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಮ್ಮ ಶಾಲೆಗೆ ಹೋದ ಮೇಲೆ, ಒಬ್ಬಳೇ ಇದ್ದಾಗ, ಒಪ್ಪಿಗೆ ಕಳಿಸಿಬಿಟ್ಟೆ. ಆಮೇಲೆ ಪ್ರಸನ್ನನಿಗೆ ಸುಳ್ಳು ಹೇಳಿದೆ. ಕೊನೆಯ ದಿನದವರೆಗೂ ಕಾದೆ, ಬೇರೆ ದಾರಿ ಇರಲಿಲ್ಲ, ಎಂದೆ. ಅವನು ನನ್ನ ತಲೆಯ ಮೇಲೆ ಕೈ ಇಟ್ಟು, “ಒಳ್ಳೆಯದಾಯ್ತು” ಎಂದ.

ಮಾರ್ಚಿನಲ್ಲಿ ಒಂದು ಸಂಜೆ ಬಂದು, “ನನ್ನದು ಆಗಲಿಲ್ಲ” ಎಂದ. ನಾನು ಅತ್ತೆ. ಅವನೇ ನನ್ನನ್ನು ಸಮಾಧಾನ ಮಾಡಿದ. ಸೆಪ್ಟೆಂಬರಿನಲ್ಲಿ ನಾನು ಹೊರಟೆ.

ಇಲ್ಲಿಯ ಮೊದಲ ತಿಂಗಳುಗಳನ್ನು ಕಳೆದದ್ದು ಸಣ್ಣಪುಟ್ಟ ಸಂಗತಿಗಳನ್ನು ಕಲಿಯುತ್ತಾ. ಮೊಗ್ರಾಲಿನಲ್ಲಿ ಮಳೆ ಬಂದರೆ ಬಂದದ್ದು ಗೊತ್ತಾಗುತ್ತದೆ. ಇಲ್ಲಿ ಅದು ಬರುತ್ತಿದೆಯೇ ನಿಂತಿದೆಯೇ ಎಂದು ಕೈಚಾಚಿ ನೋಡಬೇಕು. ಅಂಗಡಿಗೆ ಹೋಗುವುದನ್ನು ಮೊಯಿರಾ ‘ಮೆಸೇಜಸ್ ತರುವುದು’ ಎನ್ನುತ್ತಾಳೆ. ಯಾರಿಗೆ ಸಂದೇಶ ಎಂದು ನಾನು ಕೇಳಿದಾಗ ಅವಳು ಮೆಟ್ಟಿಲ ಮೇಲೆ ಕೂತು ನಕ್ಕಿದ್ದಳು. ನಮ್ಮ ಕೋರ್ಟಿನಲ್ಲಿ ನ್ಯಾಯಾಧೀಶರ ಎದುರು ನಡುಗದ ನಾನು, ತರಗತಿಯಲ್ಲಿ ಕೈಯೆತ್ತಿ ಒಂದು ಪ್ರಶ್ನೆ ಕೇಳಲು ಆರು ವಾರ ತೆಗೆದುಕೊಂಡೆ. ಕೇಳಿದ ದಿನ ಒಬ್ಬಳೇ ಹೋಟೆಲಿಗೆ ಹೋಗಿ ಬಿಸಿ ಸೂಪು ಕುಡಿದು ಆಚರಿಸಿದೆ.

ನಗರದ ದಕ್ಷಿಣ ಭಾಗದಲ್ಲಿ ಒಂದು ಮಲಯಾಳಿ ಅಂಗಡಿ ಉಂಟು ಎಂದು ಯಾರೋ ಹೇಳಿದರು. ಹೋದೆ. ಕುಚ್ಚಲಕ್ಕಿಯ ಚೀಲದ ಮೇಲೆ ಮಲಯಾಳದ ಅಕ್ಷರಗಳು. ಊರಿನಲ್ಲಿ ಬರೇ ಮಲಯಾಳದಲ್ಲಿದ್ದ ಬೋರ್ಡುಗಳ ವಿರುದ್ಧ ಮನವಿ ಬರೆದುಕೊಟ್ಟವಳು ನಾನು. ಕನ್ನಡದ ನಮೂನೆ ಕೊಡದೆ ಅರ್ಜಿ ತುಂಬುವುದಿಲ್ಲ ಎಂದು ಗ್ರಾಮ ಪಂಚಾಯತಿನಲ್ಲಿ ಹಟ ಹಿಡಿದವಳು. ಅದೇ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ನಿಂತೆ. ಅಂಗಡಿಯವರು “ನಾಟ್ಟಿಲ್ ಎವಿಡೆಯಾ?” ಎಂದು ಕೇಳಿದರು, ಊರಿನಲ್ಲಿ ಎಲ್ಲಿ ಎಂದು. ಕಾಸರಗೋಡು ಎಂದೆ. ಅರ್ಧ ಗಂಟೆ ಅವರ ಹತ್ತಿರ ಮಲಯಾಳದಲ್ಲಿ ಮಾತಾಡಿದೆ. ಊರಿನಲ್ಲಿ ಇದ್ದಷ್ಟು ಕಾಲ ಯಾರ ಹತ್ತಿರವೂ ಅಷ್ಟು ಸಂತೋಷದಿಂದ ಆ ಭಾಷೆ ಆಡಿದವಳಲ್ಲ.

ಇದನ್ನೆಲ್ಲ ಪ್ರತಿ ಭಾನುವಾರ ಪ್ರಸನ್ನನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವನು ಲಲಿತಾ ಮೇಡಂ ಕಚೇರಿ ಬಿಟ್ಟು ಕುಂಬಳೆಯಲ್ಲಿ ಸ್ವಂತ ಕಚೇರಿಗೆ ಕೋಣೆ ಹಿಡಿದಿದ್ದ. ಕಮಲಕ್ಕನ ಕೇಸನ್ನು ಈಗ ಅವನೇ ನಡೆಸುತ್ತಿದ್ದ. ಅವನು ಹೇಳುವ ವಿಷಯಗಳು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದವು. ಒಬ್ಬನೇ ಎಲ್ಲ ಮಾಡುವವನಿಗೆ ಪುರುಸೊತ್ತು ಎಲ್ಲಿ ಎಂದುಕೊಂಡೆ.

ಜನವರಿಯಲ್ಲಿ ಒಂದು ದಿನ ಹೊಸ ವರ್ಷದ ಶುಭಾಶಯ ಹೇಳಲು ಲಲಿತಾ ಮೇಡಂಗೆ ಫೋನ್ ಮಾಡಿದೆ. ಓದು, ಚಳಿ, ಊಟ ಎಲ್ಲ ಕೇಳಿದರು. ನಾನು, “ಪ್ರಸನ್ನನಿಗೂ ಸಿಕ್ಕಿದ್ರೆ ಒಳ್ಳೆಯದಿತ್ತು ಮೇಡಂ. ನಿಮ್ಮ ಪತ್ರ ಇದ್ದೂ ಅವನಿಗೆ ಯಾಕೆ ಸಿಗಲಿಲ್ಲವೋ” ಎಂದೆ.

“ಯಾವ ಪತ್ರ?” ಎಂದರು ಮೇಡಂ. “ಅವನದು ನಾನು ಕಳಿಸಲೇ ಇಲ್ಲ ಅಲ್ವಾ. ‘ಬೇಡ ಮೇಡಂ, ನಾನು ಅರ್ಜಿ ಹಿಂದೆ ತೆಗೊಂಡೆ’ ಅಂತ ಅವನೇ ಬಂದು ಹೇಳಿದ್ದು. ನವೆಂಬರಿನಲ್ಲಿ. ನಿಂಗೆ ಗೊತ್ತಿಲ್ವಾ?”

ನವೆಂಬರ್. ನನಗೆ ಪತ್ರ ಬರುವುದಕ್ಕೂ ಒಂದು ತಿಂಗಳ ಮೊದಲು. ಗೊತ್ತುಂಟು ಮೇಡಂ, ಮರೆತಿದ್ದೆ, ಎಂದು ಹೇಳಿ ಫೋನ್ ಇಟ್ಟೆ. ನಾನು ಕೈಮುಗಿಯುವ ಹಾಗೆ ಬರೆದ ಆ ಮೇಲ್ ಅನ್ನು ಹುಡುಕಿ ತೆಗೆದು ಓದಿದೆ. ಅವನು ತಿದ್ದಿದ ವಾಕ್ಯವೇ ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು.

ಭಾನುವಾರದವರೆಗೆ ಕಾಯಲು ಆಗಲಿಲ್ಲ. ಅಲ್ಲಿ ಸಂಜೆಯಾಗುವ ಹೊತ್ತಿಗೆ ಪ್ರಸನ್ನನಿಗೆ ಫೋನ್ ಮಾಡಿದೆ.

“ಮೇಡಂ ಹೇಳಿದ್ರು” ಎಂದೆ. ಅವನಿಗೆ ಅಷ್ಟೇ ಸಾಕಾಯಿತು.

“ನಿನ್ನ ಜೊತೆ ಇರ್ಲಿಕ್ಕೆ ಅಂತ ಅರ್ಜಿ ಹಾಕಿದ್ದು ನಾನು, ಓದ್ಲಿಕ್ಕೆ ಅಲ್ಲ” ಎಂದ. “ಹಾಕಿದ ಮೇಲೆ ನಿದ್ದೆ ಬರ್ಲಿಲ್ಲ ವೀಣಾ. ನನಗೆ ಈ ಕೋರ್ಟು, ಈ ಜನ, ಇಷ್ಟೇ ಬೇಕಾದ್ದು. ಹಿಂದೆ ತೆಗೊಂಡೆ. ನಿನಗೆ ಹೇಳ್ಬೇಕು ಅಂತ ಇದ್ದಾಗ ನಿನ್ನ ಪತ್ರ ಬಂತು. ಆಗ ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದಿ.”

“ನಿನ್ನದು ಬರುವವರೆಗೆ ಕಾಯಿರಿ ಅಂತ ನಾನು ಬರೆಯುವಾಗ ಪಕ್ಕದಲ್ಲೇ ಕೂತಿದ್ದಿ ಅಲ್ವಾ ನೀನು?”

“ಕೂತಿದ್ದೆ.”

“ಹೇಗೆ ಕೂತಿದ್ದಿ?”

ಬೈಯಬೇಕೆಂದು ಫೋನ್ ಮಾಡಿದವಳು ನಾನು. ಬೈಯಲು ಬಾಯಿ ತೆರೆದಾಗ ಬಂದದ್ದು ಬೇರೆ ಮಾತು. “ನಾನು ಏಳು ದಿನ ಕಾಯ್ಲಿಲ್ಲ ಪ್ರಸನ್ನ. ಮೂರನೇ ದಿನವೇ ಒಪ್ಪಿದ್ದು. ನೀನು ಬಾರದಿದ್ರೂ ಹೋಗುದು ಅಂತ ನನಗೆ ಮೊದಲೇ ಗೊತ್ತಿತ್ತು.”

“ನನಗೂ ಗೊತ್ತಿತ್ತು” ಎಂದ ಅವನು. “ಆ ದಿನ ಕೋರ್ಟಿಗೆ ಬಂದಾಗ ನಿನ್ನ ಮುಖದಲ್ಲೇ ಇತ್ತು. ಎಷ್ಟು ಸಮಯದ ನಂತರ ಅಷ್ಟು ಹಗುರ ಇದ್ದಿ ನೀನು.”

ಇಬ್ಬರೂ ಅತ್ತೆವು. ಯಾರು ಯಾರನ್ನು ಬಿಟ್ಟದ್ದು ಎಂದು ತೀರ್ಮಾನವಾಗದೆಯೇ ಆ ಮಾತು ಮುಗಿಯಿತು. ಮದುವೆಯ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮತ್ತೆ ಭಾನುವಾರ ಬಂದಾಗ ಫೋನ್ ಬರಲಿಲ್ಲ.

ಆ ತಿಂಗಳು ನಾಲ್ಕು, ನಾಲ್ಕೂವರೆ ಗಂಟೆಗೇ ಕತ್ತಲು ಕವಿಯುತ್ತಿತ್ತು. ನಾನು ತರಗತಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಅನ್ನ ಮಾಡಿ ಉಣ್ಣದೆ ಮುಚ್ಚಿಡುತ್ತಿದ್ದೆ. ಒಂದು ಸಂಜೆ ಮೊಯಿರಾ ಬಾಗಿಲು ತಟ್ಟಿ, ನಿನ್ನ ಮನೆಯಿಂದ ಐದು ದಿನದಿಂದ ಒಗ್ಗರಣೆಯ ವಾಸನೆ ಬಂದಿಲ್ಲ, ಏನಾಯಿತು ಎಂದು ಕೇಳಿದಳು. ಎಲ್ಲ ಹೇಳಿದೆ, ನನ್ನ ಇಂಗ್ಲಿಷಿನಲ್ಲಿ. ಅವಳಿಗೆ ಎಷ್ಟು ತಿಳಿಯಿತೋ. ಹೂಂ, ಹೂಂ ಎಂದು ತಲೆಯಾಡಿಸುತ್ತಾ ನನ್ನ ಕೈ ಹಿಡಿದು ಕೂತಿದ್ದಳು. ತಿಳಿಯದೆ ತಲೆಯಾಡಿಸುವುದರಲ್ಲಿಯೂ ಒಂದು ದಯೆ ಇರುತ್ತದೆ ಎಂದು ಅಂದು ಅನಿಸಿತು. ಮರುದಿನ ಸಾಸಿವೆ ಸಿಡಿಸಿದೆ.

ಏಪ್ರಿಲಿನ ರಜೆಗೆ ಊರಿಗೆ ಹೋದೆ. ಸಾಂಬಾರಿಗೆ ಉಪ್ಪು ಸಾಲದು ಎಂದಾಗ ಅಮ್ಮ, “ಅಲ್ಲಿಯದ್ದು ಉಂಡು ನಿನ್ನ ನಾಲಗೆ ಕೆಟ್ಟಿದೆ” ಎಂದರು. ಪ್ರಸನ್ನನ ಹೆಸರನ್ನು ಅವರು ತೆಗೆಯಲಿಲ್ಲ. ರಜೆಯ ಎರಡನೆಯ ವಾರ ಕಮಲಕ್ಕನ ಕೇಸು ವಿಚಾರಣೆಗೆ ಇದೆ ಎಂದು ಮೇಡಂ ತಿಳಿಸಿದರು. ಹೋಗುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಸಾದಾ ಚೂಡಿದಾರ ಹಾಕಿಕೊಂಡು ಹೋದೆ.

ಆ ಕೋರ್ಟಿನಲ್ಲಿ ಮೊದಲ ಸಲ ಕಕ್ಷಿದಾರರ ಬೆಂಚಿನಲ್ಲಿ ಕೂತೆ. ಕಮಲಕ್ಕ ಪಕ್ಕಕ್ಕೆ ಬಂದು, “ಎಂತ ಮಗಾ, ನೀನು ಇಲ್ಲಿ ಕೂತದ್ದು? ನಿನ್ನ ಕಪ್ಪು ಕೋಟು ಎಲ್ಲಿ?” ಎಂದರು. ಕೇಸಿನ ನಂಬರು ಕರೆದಾಗ ಅಭ್ಯಾಸಬಲದಿಂದ ನಾನೂ ಅರ್ಧ ಎದ್ದೆ, ಮತ್ತೆ ಕೂತೆ. ಎದುರಿಗೆ ಪ್ರಸನ್ನ ನಿಂತಿದ್ದ. ಸಾಕ್ಷಿ ಹೇಳುವಾಗ ಪ್ರತಿ ಪ್ರಶ್ನೆಯನ್ನೂ ಕಮಲಕ್ಕನಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದು ಕೇಳಿಕೊಂಡ. ನ್ಯಾಯಾಧೀಶರು ಒಪ್ಪಿದರು. ಕಮಲಕ್ಕ ಕಟಕಟೆಯಲ್ಲಿ ನಿಂತು, ತಿಳಿಯದ್ದಕ್ಕೆ ಒಂದು ಸಲವೂ ತಲೆಯಾಡಿಸದೆ, “ಇದು ಗೊತ್ತಾಗ್ಲಿಲ್ಲ, ಇನ್ನೊಮ್ಮೆ ಹೇಳಿ” ಎಂದು ಎರಡು ಸಲ ಕೇಳಿದರು. ನಾನು ಗ್ಲಾಸ್ಗೋದ ಗ್ರಂಥಾಲಯದಲ್ಲಿ ತಿಂಗಳುಗಟ್ಟಲೆ ಓದಿ ಬರೆಯುತ್ತಿದ್ದುದನ್ನು ಅವನು ಅಲ್ಲಿ ಮಾಡಿ ಮುಗಿಸಿದ್ದ. ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ನನ್ನ ಪಾಲು ಎಷ್ಟೆಂದು ತಿಳಿಯಲಿಲ್ಲ.

ಹೊರಗೆ ವರಾಂಡದಲ್ಲಿ ಅವನು ಎದುರಾದ. ಸ್ವಲ್ಪ ತೆಳ್ಳಗಾಗಿದ್ದ. ಇಬ್ಬರ ಕೈಗಳೂ ಏನು ಮಾಡಬೇಕೆಂದು ತಿಳಿಯದೆ ಹಾಗೇ ಇದ್ದವು.

“ಒಳ್ಳೆಯದಾಯ್ತು ಇವತ್ತು” ಎಂದೆ.

“ಹೂಂ. ಅವರೇ ಧೈರ್ಯ ಮಾಡಿದ್ರು.” ಫೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ವಾಪಸು ಯಾವಾಗ?”

“ಶುಕ್ರವಾರ” ಎಂದೆ.

ಯಾರೋ ಅವನನ್ನು ಒಳಗೆ ಕರೆದರು, ಹೋದ. ವಾಪಸು ಎಂಬ ಮಾತಿಗೆ ಎರಡು ಅರ್ಥವಿತ್ತು, ಆಗಸ್ಟಿನಲ್ಲಿ ಓದು ಮುಗಿಸಿ ಊರಿಗೆ ಬರುವುದು ಯಾವಾಗ ಎಂದೂ ಅವನು ಕೇಳಿರಬಹುದು ಎಂಬುದು ನನಗೆ ಹೊಳೆದದ್ದು ಮನೆಗೆ ಹೋಗಲು ಕುಂಬಳೆಯ ಬಸ್ಸಿನಲ್ಲಿ ಕೂತ ಮೇಲೆ. ಯೋಚಿಸುವ ಮೊದಲೇ ನನ್ನ ಬಾಯಿ ಗ್ಲಾಸ್ಗೋವನ್ನು ಆರಿಸಿಕೊಂಡಿತ್ತು. ಅವನ ಮುಖ ಆಗ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಇವತ್ತಿಗೂ ನೋಡುತ್ತೇನೆ, ಆಗುವುದಿಲ್ಲ.